ಸೈಕಲ್ ಅಂಗಡಿಯ ದೊಡ್ಡೋಳು

ಮನೆಗೆ ವಾಪಸು ಬಂದ ದಿನ ಬಾಗಿಲಲ್ಲಿ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಅವಳದೇ ನೀಲಿ ಚಪ್ಪಲಿ. ಅದು ಬೇರೊಬ್ಬಳ ಕಾಲಲ್ಲಿತ್ತು.

ಎರಡು ವರ್ಷ ಮೂರು ತಿಂಗಳು ಮನೆಯಿಂದ ದೂರವಿದ್ದವಳು. ಹೋಗುವಾಗ ಹದಿನೈದು, ಬರುವಾಗ ಹದಿನೇಳು ದಾಟಿತ್ತು. ಆ ಚಪ್ಪಲಿ ತನ್ನ ಕಾಲಿಗೆ ಈಗ ಹಿಡಿಸುವುದಿಲ್ಲ ಎಂಬುದು ಅವಳಿಗೂ ಗೊತ್ತು. ಆದರೂ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು.

"ಬಾ ಅಕ್ಕ, ಒಳಗೆ ಬಾ. ಕೂತ್ಕೋ, ನೀರು ತರ್ತೀನಿ" ಎಂದಳು ಚಪ್ಪಲಿಯವಳು. ಅವಳ ಮನೆಗೆ ಅವಳನ್ನೇ ನೆಂಟರನ್ನು ಕರೆದ ಹಾಗೆ ಕರೆದು ಕೂರಿಸಿದಳು.

ಈ ಹುಡುಗಿ ಚಿಕ್ಕಮ್ಮನ ಮಗಳು. ಒಂದು ವರ್ಷಕ್ಕೆ ಕಿರಿಯಳು. ಚಿಕ್ಕಮ್ಮನಿಗೆ ದೂರದ ಬಟ್ಟೆ ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಹೆಂಗಸರಿಗೆ ಉಳಿಯಲು ಜಾಗವಿತ್ತೇ ಹೊರತು ಮಕ್ಕಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಹೇಗೂ ಅಕ್ಕನ ಮನೆಯಲ್ಲಿ ಒಂದು ಹಾಸಿಗೆ ಖಾಲಿಯಿತ್ತು. ಹಾಗೆ ಬಂದವಳು ಇಲ್ಲೇ ಬೇರೂರಿದ್ದಳು. ಈಗ ವಾಪಸು ಬಂದವಳು ಮನೆಯಿಂದ ಹೋಗುವಾಗ ಒಬ್ಬಳೇ ಮಗಳು, ಎಲ್ಲರ ಬಾಯಲ್ಲೂ ಬರೀ 'ಮಗಳು'. ಬಂದಾಗ ಮನೆಯಲ್ಲಿ ಅವಳಿಗೆ ಹೊಸ ಹೆಸರೊಂದು ಕಾದಿತ್ತು. "ದೊಡ್ಡೋಳಿಗೆ ಮೊದ್ಲು ಊಟ ಹಾಕ್ತೀನಿ, ಚಿಕ್ಕೋಳು ಆಮೇಲೆ ಮಾಡ್ತಾಳೆ" ಎಂದು ಅಮ್ಮ ಅಡುಗೆಮನೆಯಿಂದ ಹೇಳಿದಾಗ, ಯಾರಪ್ಪಾ ಈ ದೊಡ್ಡೋಳು ಎಂದು ಅವಳೇ ಅರೆಗಳಿಗೆ ಯೋಚಿಸಿದಳು.

ಊಟಕ್ಕೆ ಕೂತಾಗ ಅಪ್ಪ ಬಂದು ಚಿಕ್ಕವಳ ತಲೆಯ ಮೇಲೆ ಸಲೀಸಾಗಿ ಕೈಯಿಟ್ಟು, "ಮರಿ, ಆ ಡಬ್ಬಿ ಇತ್ಲಾಗೆ ಕೊಡು" ಎಂದ.

ಮರಿ. ಆ ಮಾತಿಗೆ ಇಬ್ಬರೂ ತಲೆಯೆತ್ತಿದರು. ದೊಡ್ಡವಳು ತಕ್ಷಣ ತಟ್ಟೆಯ ಕಡೆ ತಲೆ ಬಗ್ಗಿಸಿದಳು. ಹುಟ್ಟಿದಾಗಿನಿಂದ ಹದಿನೈದು ವರ್ಷ ಆ ಮನೆಯಲ್ಲಿ 'ಮರಿ' ಎಂದರೆ ಅವಳು ಮಾತ್ರ ಆಗಿದ್ದಳು.

*

ಅವಳು ಹೋಗಿದ್ದೆಲ್ಲಿಗೆ ಎಂದು ಬೀದಿಗೆಲ್ಲ ಗೊತ್ತಿತ್ತು. ಅಮ್ಮ ಮಾತ್ರ ಕೇಳಿದವರಿಗೆಲ್ಲ "ಹಾಸ್ಟೆಲ್‌ನಲ್ಲಿದಾಳೆ" ಎನ್ನುತ್ತಿದ್ದಳು. ಕೇಳುವವರೂ ಮರ್ಯಾದೆಗೆ "ಓದು ಹೇಗೆ ನಡೀತಿದೆ?" ಎನ್ನುತ್ತಿದ್ದರು. ಬಾಲಕಿಯರ ಸುಧಾರಣಾಲಯಕ್ಕೆ ಆ ಬೀದಿ ಹೀಗೆ ಹಾಸ್ಟೆಲ್ ಎಂದು ಹೆಸರಿಟ್ಟಿತ್ತು.

ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಶಾಲೆಯ ಕಾಂಪೌಂಡಿಗೆ ಒತ್ತಿಕೊಂಡ, ಹತ್ತಡಿ ಅಗಲದ, ತಗಡಿನ ಮಾಡಿನ ಜಾಗ. ನಡೆಯಲು ಕಲಿತಾಗಿನಿಂದ ಅವಳು ಬೆಳೆದದ್ದು ಅಲ್ಲೇ. ಎಂಟು ವರ್ಷಕ್ಕೆ ಪಂಕ್ಚರ್ ಹಾಕಲು ಕಲಿತಿದ್ದಳು. ಹನ್ನೆರಡಕ್ಕೆ ಚಕ್ರದ ಬೆಂಡು ತೆಗೆಯುವುದರಲ್ಲಿ ಕೈ ಪಳಗಿತ್ತು. ಹದಿನಾಲ್ಕಕ್ಕೆ ಸೈಕಲ್ಲೆಂದರೆ ಬೇಸರ ಬಂತು. ಅವಳಿಗಿಂತ ದೊಡ್ಡ ಇಬ್ಬರು ಗೆಳತಿಯರು ಸಿಕ್ಕಿದರು. ಅಂಗಡಿಗಳ ಮುಂದೆ ನಿಂತ ಸ್ಕೂಟರನ್ನು ಕೀ ಇಲ್ಲದೆ ಚಾಲೂ ಮಾಡಿ, ಒಂದು ಸುತ್ತು ಹೊಡೆದು, ಇನ್ನೆಲ್ಲೋ ಬಿಟ್ಟು ಬರುವುದು ಅವರ ಆಟ. ಎರಡು ಸಲ ಯಾರಿಗೂ ಗೊತ್ತಾಗಲಿಲ್ಲ. ಮೂರನೇ ಸಲ ಹ್ಯಾಂಡಲ್ ಹಿಡಿದಿದ್ದವಳು ಇವಳೇ. ಶಾಲೆಯ ಹಿಂದಿನ ತಿರುವಿನಲ್ಲಿ ಸೈಕಲ್ ಮೇಲೆ ಬರುತ್ತಿದ್ದ ಅಂಚೆಯವರಿಗೆ ನೇರ ಹೋಗಿ ಗುದ್ದಿದಳು. ಕಾಗದಗಳು ರಸ್ತೆ ತುಂಬ ಹರಡಿಕೊಂಡವು. ಅವರ ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು.

ಗೆಳತಿಯರು ಓಡಿದರು. ಅವಳೂ ಓಡಿದಳು. ಓಡಿ ಬಂದು ಅಪ್ಪನ ಅಂಗಡಿಯ ಬೆಂಚಿನ ಕೆಳಗೆ, ಹಳೇ ಟೈರುಗಳ ಹಿಂದೆ ನುಸುಳಿಕೊಂಡಳು. ಸುದ್ದಿ ತಿಳಿದು ಬಂದ ಅಪ್ಪ ಬಗ್ಗಿ ನೋಡಿದ. ಬೈಯಲಿಲ್ಲ, ಹೊಡೆಯಲಿಲ್ಲ. ಕೈ ಹಿಡಿದು ಎಳೆದು, ಅಂಗಡಿಯ ಬಾಗಿಲು ಹಾಕಿ, ಆ ಕೈ ಬಿಡದೆ ನಡೆಸಿಕೊಂಡು ಹೋಗಿ ಠಾಣೆಯಲ್ಲಿ ಒಪ್ಪಿಸಿದ. "ಇವಳೇ ಸಾರ್" ಎಂದು ಅಷ್ಟೇ ಹೇಳಿದ. ಆ ಎರಡು ಪದ ಅವಳ ಕಿವಿಯಲ್ಲಿ ವರ್ಷಗಟ್ಟಲೆ ಉಳಿದವು.

ಸುಧಾರಣಾಲಯದಲ್ಲಿ ಮೊದಲ ಆರು ತಿಂಗಳು ಯಾರೊಂದಿಗೂ ತುಟಿ ಪಿಟಕ್ಕೆನ್ನಲಿಲ್ಲ. ಬೆಳಿಗ್ಗೆ ಗಂಟೆ, ಸಾಲು, ತಲೆ ಎಣಿಕೆ, ಮತ್ತೆ ಗಂಟೆ. ಅಲ್ಲಿ ಜೀವ ಹಿಡಿದಿಟ್ಟುಕೊಳ್ಳಲು ಒಬ್ಬೊಬ್ಬರಿಗೂ ಒಂದೊಂದು ದಾರಿಯಿತ್ತು. ಒಬ್ಬಳು ಗೋಡೆಗೆ ಆತು ಹಾಡುತ್ತಿದ್ದಳು, ಇನ್ನೊಬ್ಬಳು ಎಲ್ಲರ ಬಟ್ಟೆ ಒಗೆಯುತ್ತಿದ್ದಳು. ಇವಳು ಕಣ್ಣು ಮುಚ್ಚಿ ಅಪ್ಪನ ಅಂಗಡಿಯಲ್ಲಿ ಕೂರುತ್ತಿದ್ದಳು. ಯಾವ ಮೊಳೆಗೆ ಯಾವ ಪಾನಾ ನೇತುಹಾಕಿದೆ, ಗ್ರೀಸಿನ ಡಬ್ಬಿ ಎಲ್ಲಿದೆ, ಅಪ್ಪನ ಸ್ಟೂಲಿನ ಪಕ್ಕದ ತನ್ನ ಗಿಡ್ಡ ಸ್ಟೂಲು ಎಲ್ಲಿದೆ, ಎಲ್ಲವನ್ನೂ ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ಆ ಸ್ಟೂಲು ತನಗಾಗಿ ಕಾದು ಕೂತಿದೆ ಎಂಬ ಒಂದೇ ನಂಬಿಕೆಯ ಮೇಲೆ ಅವಳು ಅಷ್ಟು ದಿನ ನೂಕಿದ್ದು.

ಬಂದ ಮಾರನೆಯ ದಿನ ಅಂಗಡಿಗೆ ಹೋದರೆ, ಆ ಗಿಡ್ಡ ಸ್ಟೂಲಿನ ಮೇಲೆ ಚಿಕ್ಕವಳು ಕೂತು, ಬಾಯಲ್ಲಿ ಕೂದಲಿನ ಕ್ಲಿಪ್ಪು ಕಚ್ಚಿಕೊಂಡು, ಟ್ಯೂಬಿಗೆ ಅಂಟು ಸವರುತ್ತಿದ್ದಳು.

*

ಚಿಕ್ಕವಳು ಕೆಟ್ಟವಳಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ದೊಡ್ಡವಳು ಅವಳಲ್ಲಿ ತಪ್ಪು ಹುಡುಕಲು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಚಿಕ್ಕವಳು ಹಾಸಿಗೆಯಲ್ಲಿ ಕಿಟಕಿಯ ಕಡೆಯ ಜಾಗವನ್ನು ಮೊದಲ ದಿನವೇ ಬಿಟ್ಟುಕೊಟ್ಟಿದ್ದಳು. ಚಪ್ಪಲಿಯನ್ನು ತೊಳೆದು ಮೂಲೆಯಲ್ಲಿಟ್ಟು, "ಅಕ್ಕ, ಇದು ನಿಂದು ಅಂತ ನಂಗೊತ್ತಿರ್ಲಿಲ್ಲ" ಎಂದಿದ್ದಳು. ಸ್ಟೂಲು ಬಿಟ್ಟು ಎದ್ದು, "ನೀನು ಕೂತ್ಕೋ" ಎಂದೂ ಹೇಳಿದ್ದಳು. ಬಿಟ್ಟುಕೊಟ್ಟ ಜಾಗದಲ್ಲಿ ಕೂತರೆ ಕೂತ ಹಾಗಾಗುತ್ತದೆಯೇ? ದೊಡ್ಡವಳು ಬೇಡವೆಂದು ಟೈರುಗಳ ರಾಶಿಯ ಮೇಲೆ ಕೂತಳು. ಅಲ್ಲಿಂದ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು, ಅದೇ ತೊಂದರೆ.

ಗಿರಾಕಿಗಳು ಚಿಕ್ಕವಳನ್ನು ಕೇಳಿಕೊಂಡು ಬರುತ್ತಿದ್ದರು. "ಆ ಹುಡುಗಿ ಇಲ್ವಾ? ಅವಳು ಮಾಡಿದ ಬ್ರೇಕು ಗಟ್ಟಿ ನೋಡಿ" ಎನ್ನುತ್ತಿದ್ದರು. ದೊಡ್ಡವಳನ್ನು ಕಂಡರೆ ಸೈಕಲ್ಲಿನ ಬೀಗದ ಕೀಯನ್ನು ಸುಮ್ಮನೆ ಜೇಬಿಗೆ ಇಳಿಸಿಕೊಳ್ಳುತ್ತಿದ್ದರು. ಒಬ್ಬ ಮೇಷ್ಟ್ರಂತೂ ರಿಪೇರಿ ಮುಗಿಯುವವರೆಗೂ ಸೈಕಲ್ಲಿನ ಸೀಟಿನ ಮೇಲಿಂದ ಕೈ ತೆಗೆಯಲಿಲ್ಲ, ಕುದುರೆ ಎಲ್ಲಿ ಓಡಿಹೋಗುತ್ತದೋ ಎಂಬಂತೆ. ಅದನ್ನೆಲ್ಲ ಅವಳು ನುಂಗಿಕೊಂಡಳು. ಹಾಸ್ಟೆಲ್‌ನಲ್ಲಿ ಇದಕ್ಕಿಂತ ಹೆಚ್ಚಿನದನ್ನು ನುಂಗಿ ಅಭ್ಯಾಸವಾಗಿತ್ತು. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಇನ್ನೊಂದು.

ಚಕ್ರದ ಬೆಂಡು ತೆಗೆಯುವುದು ಆ ಅಂಗಡಿಯಲ್ಲಿ ದೊಡ್ಡ ಕೆಲಸ. ಚಕ್ರವನ್ನು ಕವಲು ಕಂಬಕ್ಕೆ ಸಿಕ್ಕಿಸಿ, ರಿಮ್ಮಿನ ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ಮೆಲ್ಲಗೆ ತಿರುಗಿಸಬೇಕು. ಎಲ್ಲಿ ಗೆರೆ ಬೀಳುತ್ತದೋ ಅಲ್ಲಿ ಚಕ್ರ ವಾಲಿದೆ ಎಂದರ್ಥ. ಆಗ ಒಂದು ಬದಿಯ ಕಡ್ಡಿಯನ್ನು ಕಾಲು ಸುತ್ತು ಸಡಿಲಿಸಿ, ಎದುರು ಬದಿಯ ಕಡ್ಡಿಯನ್ನು ಕಾಲು ಸುತ್ತು ಬಿಗಿಯಬೇಕು. ಮೂವತ್ತಾರು ಕಡ್ಡಿಗಳನ್ನೂ ಬೆರಳಿನಿಂದ ಮೀಟಿದರೆ ಒಂದೇ ಸ್ವರ ಬರಬೇಕು. ದೊಡ್ಡವಳು ಹಾಗೆ ಒಂದು ಚಕ್ರ ಸರಿ ಮಾಡಿ ಇಳಿಸಿದರೆ, ಅಪ್ಪ ಎದ್ದು ಬಂದು, ಅದನ್ನು ಮತ್ತೆ ಕಂಬಕ್ಕೆ ಹಾಕಿ, ತಿರುಗಿಸಿ, ಮೀಟಿ ನೋಡುತ್ತಿದ್ದ. ಪ್ರತಿ ಸಲ. ಚಿಕ್ಕವಳು ಮಾಡಿದ್ದನ್ನು ತಲೆಯೆತ್ತಿಯೂ ನೋಡುತ್ತಿರಲಿಲ್ಲ.

"ಅವಳದ್ದು ಯಾಕೆ ನೋಡಲ್ಲ?" ಎಂದು ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಅವಳದ್ದೇನು ನೋಡೋದು" ಎಂದ ಅಪ್ಪ, ಚೈನಿಗೆ ಎಣ್ಣೆ ಬಿಡುತ್ತಾ.

"ಅವಳಿಗೆ ಕಲಿಸಿದ್ದು ನೀನು. ನಂಗೂ ಕಲಿಸಿದ್ದು ನೀನೇ."

ಅಪ್ಪ ಎಣ್ಣೆಯ ಡಬ್ಬಿ ಕೆಳಗಿಟ್ಟು, ಅವಳು ಆಗತಾನೇ ಇಳಿಸಿದ ಚಕ್ರವನ್ನು ಮತ್ತೆ ಕಂಬಕ್ಕೆ ಹಾಕಿದ.

*

ಮನೆಗೆ ಬಂದು ಎರಡು ತಿಂಗಳಾಗಿತ್ತು. ಅಪ್ಪ ಚಿಕ್ಕವಳಿಗೆ ಒಂದು ಹೊಸ ರಿಮ್ಮು, ಹೊಸ ಕಡ್ಡಿಗಳ ಕಟ್ಟು ತಂದುಕೊಟ್ಟು, "ಇದನ್ನ ಬುಡದಿಂದ ನೀನೇ ಕಟ್ಟು ಮರಿ" ಎಂದ. ಬರೀ ಬೆಂಡು ತೆಗೆಯುವುದಲ್ಲ, ಇಡೀ ಚಕ್ರವನ್ನೇ ಕಟ್ಟುವುದು. ಆ ಕೆಲಸವನ್ನು ಅಪ್ಪ ಅಲ್ಲಿಯವರೆಗೆ ಯಾರ ಕೈಗೂ ಕೊಟ್ಟವನಲ್ಲ. ಹದಿನಾರು ತುಂಬಲಿ, ಕಲಿಸ್ತೀನಿ ಎಂದು ದೊಡ್ಡವಳಿಗೆ ಹೇಳುತ್ತಿದ್ದ. ಅವಳ ಹದಿನಾರು ಹಾಸ್ಟೆಲ್‌ನಲ್ಲಿ ತುಂಬಿತು.

ಚಿಕ್ಕವಳು ನಾಲ್ಕು ದಿನ ಕೂತು ಕಟ್ಟಿದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ. ಶುಕ್ರವಾರ ಮಧ್ಯಾಹ್ನ ಚಕ್ರ ಗಾಳಿಯಲ್ಲಿ ತಿರುಗಿದರೆ ನಿಂತ ಹಾಗೇ ಕಾಣುತ್ತಿತ್ತು. ಅಪ್ಪ ದಿನಕ್ಕೆ ಮೂರು ಮಾತಿನವನು. ಅವತ್ತು ಮೂರೂ ಮಾತು ಅವಳಿಗೇ ಖರ್ಚು ಮಾಡಿದ. "ನನಗಿಂತ ಚೆನ್ನಾಗಿ ಕಟ್ಟಿದೀಯ."

ಅದಾದ ಮೇಲೆ ಅಪ್ಪ ಊಟಕ್ಕೆ ಹೋದ. ಚಿಕ್ಕವಳು ಟೈಪಿಂಗ್ ತರಗತಿಗೆ ಹೋದಳು. ಅಂಗಡಿಯಲ್ಲಿ ದೊಡ್ಡವಳು, ಮೊಳೆಗೆ ನೇತುಹಾಕಿದ ಆ ಚಕ್ರ, ಮಾಡಿನ ತಗಡಿನಿಂದ ಇಳಿಯುವ ಬಿಸಿಲಿನ ಝಳ. ಅವಳು ಚಕ್ರವನ್ನು ಸುಮ್ಮನೆ ಮೀಟಿ ನೋಡಿದಳು. ಒಂದೇ ಸ್ವರ. ಇನ್ನೊಂದು ಸಲ ಮೀಟಿದಳು. ಒಂದಾದರೂ ಅಪಸ್ವರ ಸಿಗುತ್ತದೇನೋ ಎಂದು ಮೂವತ್ತಾರನ್ನೂ ಮೀಟಿದಳು. ಸಿಗಲಿಲ್ಲ. ಆಗ ಕಡ್ಡಿ ತಿರುಗಿಸುವ ಚಿಕ್ಕ ಕೀಲಿ ಕೈಗೆ ಬಂತು. ಒಂದೇ ಬದಿಯ ನಾಲ್ಕು ಕಡ್ಡಿಗಳನ್ನು, ಒಂದೊಂದನ್ನೂ ಎರಡೆರಡು ಸುತ್ತು ಸಡಿಲಿಸಿದಳು.

ಯಾರನ್ನೂ ಬೀಳಿಸುವ ಉದ್ದೇಶ ಅವಳಿಗಿರಲಿಲ್ಲ. ಬುಡದಿಂದ ಕಟ್ಟಿದ ಮೊದಲ ಚಕ್ರವಲ್ಲವೇ, ಕೊಡುವ ಮುಂಚೆ ಅಪ್ಪ ಇನ್ನೊಮ್ಮೆ ತಿರುಗಿಸಿ ನೋಡುತ್ತಾನೆ, ಚಕ್ರ ಅಂಕುಡೊಂಕಾಗಿ ವಾಲುತ್ತದೆ, ಅವನ ಹುಬ್ಬು ಗಂಟಿಕ್ಕುತ್ತದೆ, ಇನ್ನು ಮೇಲೆ ಇಬ್ಬರದನ್ನೂ ನೋಡುತ್ತಾನೆ. ಅವಳಿಗೆ ಬೇಕಾಗಿದ್ದುದು ಅಷ್ಟೇ. ಕೀಲಿಯನ್ನು ಜಾಗದಲ್ಲಿಟ್ಟು ಕೈ ಒರೆಸಿಕೊಂಡಳು. ಬಂದಾಗಿನಿಂದ ಅವತ್ತೇ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಮರುದಿನ ಬೆಳಿಗ್ಗೆ ಅಮ್ಮ ಕಟ್ಟಿಕೊಟ್ಟ ತಿಂಡಿಯ ಡಬ್ಬಿ ಹಿಡಿದು ಅಂಗಡಿಗೆ ಬಂದಾಗ, ಅಂಗಡಿಯ ಮುಂದೆ ಒಂದು ಹಳೆಯ ಕರಿ ಸೈಕಲ್ಲು ನಿಂತಿತ್ತು. ಹಿಂದಿನ ಕ್ಯಾರಿಯರ್ ಸೊಟ್ಟಗಾಗಿತ್ತು. ಚಿಕ್ಕವಳು ಮುಂದಿನ ಚಕ್ರದ ಎರಡನೇ ನಟ್ಟು ಬಿಗಿದು ಆಗತಾನೇ ಏಳುತ್ತಿದ್ದಳು. ಅಪ್ಪ ಅತ್ತ ಇನ್ನೊಂದು ಸೈಕಲ್ಲಿಗೆ ಗಾಳಿ ಹೊಡೆಯುತ್ತಾ, "ಚಿಕ್ಕೋಳು ಕಟ್ಟಿದ ಚಕ್ರ ಅಣ್ಣ, ನೀವು ಕಣ್ಮುಚ್ಚಿ ಹತ್ತಿ" ಎನ್ನುತ್ತಿದ್ದ.

ಸೈಕಲ್ಲಿನ ಪಕ್ಕದಲ್ಲಿ ನಿಂತಿದ್ದವರು ಅಂಚೆಯವರು. ಬಲಗಾಲನ್ನು ಸ್ವಲ್ಪ ಹೊರಕ್ಕೆ ಎಳೆದು ನಿಂತಿದ್ದರು.

ಅವರನ್ನು ಅವಳು ಕೊನೆಯ ಸಲ ನೋಡಿದ್ದು ವಿಚಾರಣೆಯ ದಿನ, ಗಾಲಿಕುರ್ಚಿಯಲ್ಲಿ. ಎರಡು ಆಪರೇಷನ್ ಆಗಿ, ಊರುಗೋಲು ಬಿಟ್ಟು, ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತು ಕೆಲಸ ಮಾಡುತ್ತಿದ್ದಾರೆಂದು ಕೇಳಿದ್ದಳು. ಮತ್ತೆ ಸೈಕಲ್ ಹತ್ತಲು ಡಾಕ್ಟರು ಅದೇ ವಾರ ಒಪ್ಪಿದ್ದರಂತೆ. ಅವಳ ಮನಸ್ಸಿಗೆ ಕಸಿವಿಸಿಯಾಗದಿರಲಿ ಎಂದು, ಚಕ್ರ ಯಾರದೆಂದು ಅಪ್ಪ ಬಾಯಿ ಬಿಟ್ಟಿರಲಿಲ್ಲ.

ಅವರು ಎಡಗಾಲನ್ನು ಪೆಡಲ್ ಮೇಲಿಟ್ಟರು. ದೊಡ್ಡವಳ ಕೈಯಿಂದ ಡಬ್ಬಿ ಜಾರಿ ಬಿತ್ತು. ಎರಡೂ ಕೈಯಿಂದ ಕ್ಯಾರಿಯರ್ ಹಿಡಿದು ನಿಂತಳು.

"ಹತ್ತಬೇಡಿ ಸಾರ್."

"ಏನೇ ಅದು?" ಎಂದ ಅಪ್ಪ.

"ಚಕ್ರ ಸರಿಯಿಲ್ಲ. ನಾಲ್ಕು ಕಡ್ಡಿ ಸಡಿಲ ಇದೆ."

ಚಿಕ್ಕವಳ ಮುಖ ಬಿಳುಚಿಕೊಂಡಿತು. "ಇಲ್ಲ ದೊಡ್ಡಪ್ಪ, ನಾನು ಎಲ್ಲಾ ಮೀಟಿ ನೋಡಿದೀನಿ. ಎಲ್ಲಾನೂ…" ಎಂದವಳು ಅರ್ಧಕ್ಕೇ ನಿಲ್ಲಿಸಿ ಚಕ್ರವನ್ನು ನೋಡಿದಳು. ನೋಡಿದೆನೋ ಇಲ್ಲವೋ ಎಂಬ ಅನುಮಾನ ಅವಳ ಕಣ್ಣಿನಲ್ಲೇ ಹುಟ್ಟುತ್ತಿತ್ತು. ಅಪ್ಪ ಪಂಪು ಬಿಟ್ಟು ಬಂದು, ಮುಂದಿನ ಚಕ್ರವನ್ನೆತ್ತಿ ತಿರುಗಿಸಿದ. ಅದು ಕುಡಿದವನ ಹಾಗೆ ಓಲಾಡಿತು. ಅಪ್ಪ ಚಿಕ್ಕವಳ ಕಡೆ ತಿರುಗಿದ. ಅವನ ಹುಬ್ಬು ಗಂಟಿಕ್ಕಿತು.

ದೊಡ್ಡವಳಿಗೆ ಬೇಕಾಗಿದ್ದುದು ಇದೇ. ಅಲ್ಲಿಗೇ ಸುಮ್ಮನಿದ್ದರೆ ಸಾಕಿತ್ತು. ತಪ್ಪು ಕಂಡುಹಿಡಿದವಳು ಅವಳು, ತಪ್ಪು ಮಾಡಿದವಳು ಚಿಕ್ಕವಳು, ಒಬ್ಬ ಮನುಷ್ಯನ ಕಾಲು ಉಳಿಸಿದ ಪುಣ್ಯ ಬೇರೆ. ಅವಳು ಅದೆಲ್ಲವನ್ನೂ ಒಂದೇ ಉಸಿರಿನಲ್ಲಿ ಯೋಚಿಸಿದ್ದಳು. ಮುಂದೆ ಯಾರಾದರೂ ಕೇಳಿದರೆ, "ಯೋಚನೆ ಮಾಡಿಲ್ಲ ಅಂದ್ರೆ ಸುಳ್ಳಾಗತ್ತೆ" ಎನ್ನುತ್ತಿದ್ದಳು.

"ಅವಳು ಸರಿಯಾಗೇ ಕಟ್ಟಿದ್ಲು. ನಿನ್ನೆ ನೀವು ಹೋದ್ಮೇಲೆ ನಾನು ಬಿಚ್ಚಿದೆ" ಎಂದಳು.

ಶಾಲೆಯೊಳಗೆ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದುದು ಗೋಡೆಯಾಚೆಯಿಂದ ಕೇಳುತ್ತಿತ್ತು.

"ನೀನೇ ಅಲ್ವಾ ಆವತ್ತು?" ಎಂದರು ಅಂಚೆಯವರು.

"ಹೌದು ಸಾರ್."

"ನನ್ನ ಮೇಲೆ ಏನಾದ್ರೂ ಹಗೆ ಇದೆಯಾ ನಿಂಗೆ?"

"ಇಲ್ಲ ಸಾರ್. ಇದು ನಿಮ್ ಚಕ್ರ ಅಂತ ಗೊತ್ತಿರ್ಲಿಲ್ಲ. ಇವಳ ಮೇಲೆ ಹೊಟ್ಟೆಕಿಚ್ಚಿಗೆ ಮಾಡಿದ್ದು."

ಅವರು ಸೈಕಲ್ಲನ್ನು ಗೋಡೆಗೆ ಒರಗಿಸಿ, ಗೋಡೆ ಹಿಡಿದುಕೊಂಡು ನಿಧಾನವಾಗಿ ಬೆಂಚಿನ ಮೇಲೆ ಕೂತರು. ಗಡಿಯಾರ ನೋಡಿಕೊಂಡರು. "ಹತ್ತು ಗಂಟೆಗೆ ನಾನು ಕಿಟಕಿ ತೆಗೀಬೇಕು. ಅಷ್ಟರಲ್ಲಿ ಬಿಗಿ ಮಾಡು."

"ಇವಳ ಕೈಲಿ ಬೇಡ ಅಣ್ಣ, ನಾನೇ ಮಾಡಿಕೊಡ್ತೀನಿ" ಎಂದ ಅಪ್ಪ.

"ಬಿಚ್ಚಿದವಳು ಅವಳಲ್ವೇನಪ್ಪ? ಎಲ್ಲಿ ಬಿಚ್ಚಿದ್ದು ಅಂತ ಅವಳಿಗೇ ಚೆನ್ನಾಗಿ ಗೊತ್ತಿರತ್ತೆ. ಮಾಡ್ಲಿ."

ಅವಳು ಚಕ್ರ ಬಿಚ್ಚಿ ಕಂಬಕ್ಕೆ ಹಾಕಿದಳು. ಮೂರು ಜೋಡಿ ಕಣ್ಣುಗಳ ಮುಂದೆ ನಾಲ್ಕು ಕಡ್ಡಿಗಳನ್ನು ಎರಡೆರಡು ಸುತ್ತು ಬಿಗಿದಳು. ಸೀಮೆಸುಣ್ಣ ಹಿಡಿದಳು. ಒಂದು ಕಡೆ ಕೂದಲೆಳೆಯಷ್ಟು ಗೆರೆ ಬಿತ್ತು. ಸರಿಪಡಿಸಿದಳು. ಮೀಟಿದಳು. ಅಪ್ಪ ಮೀಟಿದ. ಚಿಕ್ಕವಳು ಮೀಟಲಿಲ್ಲ, ಅಷ್ಟರಲ್ಲಿ ಮನೆಯ ದಾರಿ ಹಿಡಿದಿದ್ದಳು. ಅಂಚೆಯವರು ಚಕ್ರ ಕೂರಿಸಿದ ಸೈಕಲ್ಲನ್ನು ತೆಗೆದುಕೊಂಡರು. ಹತ್ತಲಿಲ್ಲ. ತಳ್ಳಿಕೊಂಡು ಕುಂಟುತ್ತಾ ಹೋದರು. ತಿರುವಿನವರೆಗೂ ಅವಳು ನೋಡುತ್ತಾ ನಿಂತಳು. ಮುಂದೆ ಹತ್ತು ಹನ್ನೆರಡು ದಿನ ಅವರು ಹಾಗೆ ತಳ್ಳಿಕೊಂಡೇ ಓಡಾಡಿದರಂತೆ. ಆಮೇಲೆ ಒಂದು ದಿನ ಹತ್ತಿದರು.

*

ಅಪ್ಪ ಅವಳನ್ನು ಅಂಗಡಿಗೆ ಬರಬೇಡವೆಂದ. ಅದೂ ನೇರವಾಗಿಯಲ್ಲ, ಅಮ್ಮನ ಮೂಲಕ. ಆ ತಿಂಗಳು ವಿಚಾರಿಸಲು ಪರಿವೀಕ್ಷಣಾಧಿಕಾರಿ ಮೇಡಂ ಮನೆಗೆ ಬಂದರು. ಬಿಡುಗಡೆಯಾದ ಹುಡುಗಿಯರ ಮನೆಗಳಿಗೆ ತಿಂಗಳಿಗೊಮ್ಮೆ ಬಂದು, ಹೇಗಿದ್ದಾರೆಂದು ಬರೆದುಕೊಂಡು ಹೋಗುವುದು ಅವರ ಕೆಲಸ. "ಎಲ್ಲಾ ಚೆನ್ನಾಗಿದೆಯಾ?" ಎಂದು ಮೇಡಂ ಕೇಳಿದಾಗ ಅಪ್ಪ ಕಿಟಕಿಯಾಚೆ ನೋಡುತ್ತಾ, "ಅವಳನ್ನೇ ಕೇಳಿ" ಎಂದ. ಅವಳು ಹೇಳಿದಳು. ಒಂದನ್ನೂ ಬಿಡದೆ ಹೇಳಿದಳು. ಮೇಡಂ ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ವಾಪಸು ಕಳಿಸಲಿಲ್ಲ. ನಿಗಾ ಇಡುವ ಅವಧಿಯನ್ನು ಆರು ತಿಂಗಳು ಹೆಚ್ಚಿಸಿದರು.

ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಆಕೆಯ ಜೊತೆ ದೊಡ್ಡವಳೂ ದಿನಗೂಲಿಗೆ ಹೋಗತೊಡಗಿದಳು. ಹಬೆ, ಸೋಪಿನ ವಾಸನೆ, ಒದ್ದೆ ಹಾಸುಬಟ್ಟೆಗಳ ಬೆಟ್ಟ. ಆ ದಿನಗಳಲ್ಲಿ ಒಂದು ಮಧ್ಯಾಹ್ನ, ಮನೆಯ ಮೇಲಿನ ತಾರಸಿಯಲ್ಲಿ ಬಟ್ಟೆ ಹರವುವಾಗ ಚಿಕ್ಕವಳು ಮೂರು ವಾರಗಳ ಮೌನ ಮುರಿದಳು.

"ನಿಂಗೆ ಮಾತ್ರನಾ ಹೊಟ್ಟೆಕಿಚ್ಚು ಇರೋದು?"

ದೊಡ್ಡವಳು ಕೈಯಲ್ಲಿದ್ದ ಕ್ಲಿಪ್ಪನ್ನು ಹಾಗೇ ಹಿಡಿದು ನಿಂತಳು.

"ಎರಡು ವಾರಕ್ಕೊಂದು ಭಾನುವಾರ ದೊಡ್ಡಪ್ಪ ಎರಡು ಬಸ್ ಹತ್ತಿ ನಿನ್ನ ನೋಡೋಕೆ ಬರ್ತಿದ್ರು. ಹಿಂದಿನ ದಿನನೇ ಶರ್ಟು ಇಸ್ತ್ರಿ ಮಾಡಿಸ್ಕೊಳ್ಳೋರು. ನಾನೇ ಮಾಡಿಕೊಡ್ತಿದ್ದೆ. ನಮ್ಮಮ್ಮ ಇರೋ ಊರಿಗೆ ಒಂದೇ ಬಸ್ಸು. ನನ್ನನ್ನ ಯಾರೂ ಕರ್ಕೊಂಡು ಹೋಗ್ಲಿಲ್ಲ. ಅವಳೂ ಬರ್ಲಿಲ್ಲ. ಅಂಗಡೀಲಿ ನಾನು ಏನು ಮಾಡಿದ್ರೂ ದೊಡ್ಡಪ್ಪ 'ನಮ್ಮ ಮಗಳು ಇದನ್ನ ಹನ್ನೆರಡಕ್ಕೇ ಮಾಡ್ತಿದ್ಲು' ಅನ್ನೋರು. ಮರಿ ಅಂತ ಕರೆಯೋದು ಬಾಯಿ ತಪ್ಪಿ ಶುರುವಾಗಿದ್ದು. ನಿನ್ನ ಕರೆಯೋಕೆ ಹೋಗಿ ನನ್ನ ಕರೆದ್ರು. ನಂಗೆ ಗೊತ್ತಿತ್ತು. ಆದ್ರೂ 'ಹಾಂ' ಅಂದೆ."

ಹಾಸ್ಟೆಲ್‌ನ ಭೇಟಿ ಕೋಣೆಯಲ್ಲಿ ಅಪ್ಪ ಇಸ್ತ್ರಿ ಶರ್ಟಿನಲ್ಲಿ ಕೂತಿರುತ್ತಿದ್ದುದು ದೊಡ್ಡವಳಿಗೆ ನೆನಪಾಯಿತು. ಠಾಣೆಗೆ ಒಪ್ಪಿಸಿದ ಸಿಟ್ಟಿಗೆ ಅವಳು ಭೇಟಿಯ ಅರ್ಧ ಗಂಟೆ ಪೂರ್ತಿ ಮುಖ ಗಂಟು ಹಾಕಿಕೊಂಡೇ ಕೂರುತ್ತಿದ್ದಳು. ಆ ಶರ್ಟಿಗೆ ಇಸ್ತ್ರಿ ಹಾಕಿದ ಕೈ ಯಾವುದೆಂದು ಯೋಚಿಸಿರಲಿಲ್ಲ.

"ಒಂದು ಸಲ ಬೇಕಂತಲೇ ಕಾಲರು ಸುಟ್ಟೆ" ಎಂದಳು ಚಿಕ್ಕವಳು. "ಬೇರೆ ಶರ್ಟು ಹಾಕ್ಕೊಂಡು ಹೋದ್ರು. ನಾನಾದ್ರೆ ಬಟ್ಟೆ ಸುಟ್ಟೆ. ನೀನು ಮನುಷ್ಯನ ಕಾಲಿಗೇ ಕೈ ಹಾಕಿದೆ."

ದೊಡ್ಡವಳು ಕ್ಷಮೆ ಕೇಳಿದಳು, ಅದು ಅಷ್ಟು ಚೆನ್ನಾಗಿ ಬರಲಿಲ್ಲ. ಚಿಕ್ಕವಳು "ಹೂಂ" ಎಂದಳು, ಅದೂ ಅಷ್ಟು ಚೆನ್ನಾಗಿ ಬರಲಿಲ್ಲ. ಉಳಿದ ಬಟ್ಟೆ ಇಬ್ಬರೂ ಸೇರಿ ಹರವಿದರು.

ಐದು ತಿಂಗಳ ಮೇಲೆ ಅಪ್ಪ ಅವಳನ್ನು ಮತ್ತೆ ಅಂಗಡಿಗೆ ಕರೆದ. ಕರೆದದ್ದೂ ಚಿಕ್ಕವಳು ಹಠ ಹಿಡಿದದ್ದಕ್ಕೆ: "ಚಕ್ರ ಕಟ್ಟೋಕೆ ಒಬ್ಬಳ ಕೈಲಿ ಆಗಲ್ಲ ದೊಡ್ಡಪ್ಪ, ಅಕ್ಕ ಬರ್ಲಿ." ಅಪ್ಪ ದೊಡ್ಡವಳ ಕೆಲಸವನ್ನು ತಿರುಗಿಸಿ ನೋಡುವುದನ್ನು ಬಿಡಲಿಲ್ಲ. ವರ್ಷ ಕಳೆದರೂ ಬಿಡಲಿಲ್ಲ. ಅವಳು ಕೇಳುವುದನ್ನು ಬಿಟ್ಟಳು. ಕೆಲವು ದಿನ ಅದನ್ನು ಕಂಡು ಮೈ ಪರಚಿಕೊಳ್ಳುವಂತಾಗುತ್ತಿತ್ತು. ಅಂಥ ದಿನ ಕೀಲಿಯನ್ನು ಚಿಕ್ಕವಳ ಕೈಗೇ ಕೊಟ್ಟು, "ಇದನ್ನ ನೀನೇ ಇಟ್ಕೋ, ಇವತ್ತು ನನ್ನ ತಲೆ ಸರಿಯಿಲ್ಲ" ಎನ್ನುತ್ತಿದ್ದಳು. ಚಿಕ್ಕವಳು ನಗುತ್ತಿರಲಿಲ್ಲ, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಚಕ್ರವನ್ನು ಬುಡದಿಂದ ಕಟ್ಟಲು ಅವಳಿಗೆ ಕಲಿಸಿದ್ದು ಕೊನೆಗೂ ಅಪ್ಪನಲ್ಲ, ಚಿಕ್ಕವಳೇ. ಆಸ್ಪತ್ರೆಯಲ್ಲಿ ಮೂಲೆಗೆ ಬಿದ್ದಿದ್ದ ಗಾಲಿಕುರ್ಚಿಗಳ ಮೇಲೆ ದೊಡ್ಡವಳ ಕಣ್ಣು ಮೊದಲೇ ಬಿದ್ದಿತ್ತು. ಅವನ್ನು ಅಂಗಡಿಗೆ ತಂದು ರಿಪೇರಿ ಮಾಡುವ ಕೆಲಸವನ್ನು ಅವಳೇ ಆಸ್ಪತ್ರೆಯವರೊಂದಿಗೆ ಮಾತಾಡಿ ಹಿಡಿದಳು. ಗಿರಾಕಿಗಳು ಬರಬರುತ್ತಾ ಅವಳೆದುರು ಕೀ ಬಿಟ್ಟು ಹೋಗುವುದನ್ನು ರೂಢಿಸಿಕೊಂಡರು. ಎಲ್ಲರೂ ಅಲ್ಲ.

ದೊಡ್ಡವಳಿಗೆ ಇಪ್ಪತ್ತೊಂದು ತುಂಬಿದ ವರ್ಷ ಚಿಕ್ಕಮ್ಮ ಬಂದಳು. ಗಿರಣಿಯ ಹತ್ತಿರ ಸ್ವಂತ ಎರಡು ಕೋಣೆ ಮಾಡಿದ್ದಳು, ಗಿರಣಿಯ ಕಚೇರಿಯಲ್ಲಿ ಟೈಪಿಂಗ್ ಬಲ್ಲ ಹುಡುಗಿಗೆ ಕೆಲಸ ಖಾಲಿಯಿತ್ತು. ಮಗಳನ್ನು ಕರೆದೊಯ್ಯಲು ಬಂದಿದ್ದಳು. ಚಿಕ್ಕವಳು ತನ್ನಮ್ಮನ ತೋಳಿಗೆ ಜೋತುಬಿದ್ದು, ಹತ್ತು ವರ್ಷದ ಮಗುವಿನ ಹಾಗೆ, ಮನೆಯೆಲ್ಲ ಸುತ್ತಾಡಿಸಿ ತೋರಿಸಿದಳು. ಬಯಸಿದ್ದೆಲ್ಲ ದೊಡ್ಡವಳ ಕಾಲಬುಡಕ್ಕೆ ತಾನಾಗಿ ಬಂದು ಬಿದ್ದಿತ್ತು: ಹಾಸಿಗೆ ಪೂರ್ತಿ ಅವಳದು, ಸ್ಟೂಲು ಅವಳದು, ಅಪ್ಪನೂ ಅವಳೊಬ್ಬಳದು. ಅವಳು ಅಡುಗೆಮನೆಯಲ್ಲಿ ನಿಂತು ಚಿಕ್ಕಮ್ಮನ ಆ ತೋಳನ್ನೇ ನೋಡುತ್ತಿದ್ದಳು.

"ಇಷ್ಟು ವರ್ಷ ಬರದೇ ಇದ್ದೋಳು ಈಗ ಬಂದು ಎತ್ಕೊಂಡು ಹೋಗ್ತಾಳಾ?" ಎಂದು ಅಮ್ಮನ ಕಿವಿಯಲ್ಲಿ ಉಸುರಿದಳು.

"ಅವಳ ಮಗಳು ಕಣೇ."

"ನನ್ನ ತಂಗಿ."

ಅಮ್ಮ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವಳನ್ನು ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಸದ್ದಿಲ್ಲದೆ, ಮೈ ಕುಲುಕಿಸಿ ನಕ್ಕಳು.

ಈಗ ದೊಡ್ಡವಳಿಗೆ ಮೂವತ್ತರ ಹತ್ತಿರ. ಅಪ್ಪನ ಕೈ ನಡುಗುವುದರಿಂದ ಅಂಗಡಿ ಪೂರ್ತಿ ಅವಳ ಮೇಲಿದೆ. ಅಪ್ಪ ಬೆಂಚಿನ ಮೇಲೆ ಕೂತು ಬಂದವರೊಂದಿಗೆ ಮಾತಾಡುತ್ತಾನೆ. ಚಿಕ್ಕವಳು ಸಂಜೆ ಕೆಲಸ ಮುಗಿಸಿ ಫೋನು ಮಾಡುತ್ತಾಳೆ. ಕೆಲವು ದಿನ ಅಪ್ಪನ ಫೋನಿಗೆ, ಕೆಲವು ದಿನ ಅಕ್ಕನ ಫೋನಿಗೆ. ಅಪ್ಪನ ಜೇಬಿನಲ್ಲಿ ಫೋನು ರಿಂಗಾದರೆ ದೊಡ್ಡವಳು ಗ್ರೀಸಿನ ಕೈಯಲ್ಲೇ ಎದ್ದು ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ.

"ಎಷ್ಟೊತ್ತು ಮಾತಾಡ್ತೀಯ, ಇತ್ಲಾಗೆ ಕೊಡು."

"ಇರೇ, ನನಗೆ ಮಾಡಿರೋದು" ಎಂದು ಅಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಳ್ಳುತ್ತಾನೆ.